ಸೂಜಿಮದ್ದಿನ ಜ್ವರ: ಹುಬ್ಬಳ್ಳಿ, 1898

1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಡಿಯಿತು. ‘ಇಲಿ ಬಿದ್ದಾವ’ ಎಂಬ ಸುದ್ದಿ ಕಿವಿಗೆ ಬಿದ್ದರೆ ಮಂದಿ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು.

ಆ ವರ್ಷ ಹುಬ್ಬಳ್ಳಿಗರ ಮುಂದೆ ಇನ್ನೊಂದು ದಾರಿಯೂ ಇತ್ತು. ಬ್ಯಾಕ್ಟೀರಿಯಾ ತಜ್ಞ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದ ಪ್ಲೇಗಿನ ಲಸಿಕೆಯನ್ನು ಡಾ. ಲ್ಯೂಮನ್ ಇಲ್ಲಿ ಸಾವಿರಾರು ಜನರಿಗೆ ಹಾಕಿದರು. ಲಸಿಕೆಯ ತಯಾರಿಯೇ ಒಂದು ಸೋಜಿಗ. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ಬ್ಯಾಕ್ಟೀರಿಯಾಗಳು ಹನಿಯ ಅಡಿಗೆ ಅಂಟಿ, ಎಳೆಎಳೆಯಾಗಿ ಕೆಳಕ್ಕೆ ಜೋತುಬೀಳುತ್ತಿದ್ದವು. ಸೀಸೆ ಅಲುಗಿಸಿದರೆ ಎಳೆಗಳು ಉದುರಿ ಹೊಸವು ಬೆಳೆಯುತ್ತಿದ್ದವು. ಕೆಲವು ವಾರ ಕಳೆದ ಮೇಲೆ ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸುತ್ತಿದ್ದರು.

ಚುಚ್ಚಿಸಿಕೊಂಡವರಿಗೆ ಕೆಲವೇ ತಾಸಿನಲ್ಲಿ ಜ್ವರ, ತೋಳಿನ ಬಾವು, ಮೈಕೈ ನೋವು. ಇದನ್ನು ಒಮ್ಮೆ ಉಂಡು, ಎರಡನೇ ಸೂಜಿಗೂ ತೋಳು ಕೊಟ್ಟವರ ಧೈರ್ಯ ಸಣ್ಣದಲ್ಲ.

ಸತ್ತ ಬ್ಯಾಕ್ಟೀರಿಯಾದಿಂದ ಜ್ವರ ಬರುವುದು ಹೇಗೆ? ಬರ್ಲಿನ್ನಿನಲ್ಲಿ ರಿಚರ್ಡ್ ಫೈಫರ್ 1892ರ ಹೊತ್ತಿಗೇ ಇದರ ಸುಳಿವು ಹಿಡಿದಿದ್ದರು. ಕಾಯಿಸಿ ಕೊಂದ ಕಾಲರಾ ಬ್ಯಾಕ್ಟೀರಿಯಾ ಕೂಡ ಗಿನಿ ಇಲಿಗಳನ್ನು ಕೊಲ್ಲುತ್ತಿತ್ತು. ವಿಷ ಅದರ ಒಡಲಲ್ಲೇ ಇತ್ತು. ಅದಕ್ಕೆ ಎಂಡೋಟಾಕ್ಸಿನ್ ಎಂದು ಹೆಸರಾಯಿತು. ಬ್ಯಾಕ್ಟೀರಿಯಾದ ಹೊರಕವಚದ ಈ ಕೊಬ್ಬು-ಸಕ್ಕರೆಯ ಅಣುವನ್ನು ನಮ್ಮ ರೋಗನಿರೋಧಕ ಕಣಗಳು ಯಾವುದರಿಂದ ಗುರುತಿಸುತ್ತವೆ ಎಂಬುದನ್ನು ಬ್ರೂಸ್ ಬಾಯ್ಟ್ಲರ್ ತಂಡ 1998ರಲ್ಲಿ ತೋರಿಸಿತು. ಅದು ಟಿಎಲ್‌ಆರ್4 ಎಂಬ ಗ್ರಾಹಕ. ಬಾಯ್ಟ್ಲರ್‌ಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ವಿಷ ಅಲ್ಪವಿದ್ದರೆ ಕಣಗಳು ಎಚ್ಚರಗೊಂಡು ಜ್ವರ ತರುತ್ತವೆ, ಸೂಜಿಮದ್ದಿನಲ್ಲಿ ಆದದ್ದು ಅದು. ರಕ್ತದ ತುಂಬ ವಿಷ ಹರಡಿದರೆ ಅವೇ ಕಣಗಳು ಹತೋಟಿ ಮೀರಿ ರಾಸಾಯನಿಕ ಸಂದೇಶಗಳನ್ನು ಸುರಿಸುತ್ತವೆ. ರಕ್ತನಾಳ ಸೋರುತ್ತವೆ, ಒತ್ತಡ ಕುಸಿಯುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದೇ ರಕ್ತನಂಜು. ಪ್ಲೇಗು ಇನ್ನೂ ಕುಟಿಲ: ಮನುಷ್ಯನ ಮೈಶಾಖಕ್ಕೆ ಬಂದೊಡನೆ ತನ್ನ ಕವಚದ ಕೊಬ್ಬನ್ನು ಬದಲಿಸಿ, ಟಿಎಲ್‌ಆರ್4ರ ಕಣ್ಣು ತಪ್ಪಿಸುತ್ತದೆ. ಮೈ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಬ್ಯಾಕ್ಟೀರಿಯಾ ವಿಪರೀತ ಬೆಳೆದಿರುತ್ತದೆ.

ಈ ಗ್ರಾಹಕವನ್ನೇ ಮುಚ್ಚಿಬಿಡುವ ಎರಿಟೊರಾನ್ ಎಂಬ ಔಷಧದ ಮೇಲೆ ವೈದ್ಯರು ಬಹಳ ಆಸೆ ಇಟ್ಟಿದ್ದರು. ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ರಕ್ತ ನಂಜಾದವರ ಸಾವು ಅದರಿಂದ ತಗ್ಗಿರಲಿಲ್ಲ. ಹೀಗಾಗಿ ರಕ್ತನಂಜಿನ ರೋಗಿಗೆ ಇಂದಿಗೂ ಮೊದಲು ಸಿಗುವುದು ಬೇಗ ಕೊಟ್ಟ ಆಂಟಿಬಯೋಟಿಕ್, ಸಲೈನ್ ಮತ್ತು ರಕ್ತದೊತ್ತಡ ಎತ್ತುವ ಮದ್ದು.