ಹಗುರ ವಿಮಾನದ ಬ್ಯಾಟರಿ: ಪುಷ್ಪಕದಿಂದ ಲಿಥಿಯಂವರೆಗೆ

ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆ ಬ್ಯಾಟರಿ ಬಲ್ಲ ಯುವಕರಿಗೆ ಈಗ ಕೊರತೆಯಿಲ್ಲ. ಕೆಲವರು ವಿದ್ಯುತ್ ಸ್ಕೂಟರ್ ಕಂಪನಿಗಳಲ್ಲಿದ್ದಾರೆ, ಕೆಲವರು ಡ್ರೋನ್ ಕಟ್ಟುತ್ತಾರೆ. ಬನಶಂಕರಿ, ಕುಮಾರಸ್ವಾಮಿ ಲೇಔಟ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾದರಿ ವಿಮಾನಗಳಿಗೆ ಲಿಥಿಯಂ ಪ್ಯಾಕ್ ಜೋಡಿಸುತ್ತಾರೆ. ಆದರೆ ಮನುಷ್ಯ ಕೂತು ಹಾರುವ, ಸ್ವಂತವಾಗಿ ಕಟ್ಟಿದ ವಿಮಾನಕ್ಕೆ ಯಾವ ಬ್ಯಾಟರಿ ಎಂದು ಕೇಳಿದರೆ ಬಹುತೇಕ ಎಲ್ಲರದೂ ಒಂದೇ ಉತ್ತರ: "ಲಿಥಿಯಂ ಹಾಕಿ ಸರ್, ಐದು ಕೆಜಿ ಉಳಿಯುತ್ತೆ." ತೂಕದ ಲೆಕ್ಕ ಸರಿಯೇ. ಆದರೆ ಬ್ಯಾಟರಿಯನ್ನು ತೂಕದಿಂದ ಆರಿಸುವ ಈ ರೂಢಿ ತಪ್ಪು. ಅದು ಹೇಗೆ ಬಂತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದರು. ಆದರೂ ಬಹುಕಾಲ ಅನೇಕ ಹಗುರ ವಿಮಾನಗಳಿಗೆ ಬ್ಯಾಟರಿಯ ಹಂಗೇ ಇರಲಿಲ್ಲ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕದ ಎಂಜಿನ್ನನ್ನು ಪ್ರೊಪೆಲ್ಲರ್ ಹಿಡಿದು ಕೈಯಿಂದ ತಿರುಗಿಸಿಯೇ ಚಾಲೂ ಮಾಡಬೇಕಿತ್ತು. ಕಿಡಿಯನ್ನು ಮ್ಯಾಗ್ನೆಟೊ ಕೊಡುತ್ತಿತ್ತು. ಎಂಜಿನ್ ತಿರುಗುವವರೆಗೆ ಕಿಡಿಯೂ ಇರುತ್ತಿತ್ತು.

ನನ್ನ ತಲೆಮಾರಿನವರು ಸ್ವಂತವಾಗಿ ವಿಮಾನ ಕಟ್ಟುವ ವಿದ್ಯೆ ಕಲಿತದ್ದು ಎಂಬತ್ತು, ತೊಂಬತ್ತರ ದಶಕಗಳಲ್ಲಿ. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನರ ಲಾಂಗ್-ಈಜಿ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ ಎಲ್‌ಸಿಆರ್‌ಎ ಎಂಬ ಹಗುರ ವಿಮಾನ 1987ರಲ್ಲಿ ಹಾರಿತು. ಕಾಂಪೊಸಿಟ್ ವಿಮಾನದ ಪಾಠಶಾಲೆ ಅದೇ. ಎನ್‌ಎಎಲ್‌ನಿಂದಲೇ ಮುಂದೆ ಬಂದ ಹಂಸ ವಿಮಾನದ ಬೇರು ಅಲ್ಲಿದೆ. ಜೋಯೆಲ್ ಕೋಶ್ಲಾ ಬೆಂಗಳೂರಿನಲ್ಲಿ ಆರಂಭಿಸಿದ ರಾಜ್ ಹಂಸ ಸಂಸ್ಥೆಯ ಎಕ್ಸ್-ಏರ್ ಕಿಟ್‌ಗಳು ಯುರೋಪಿನವರೆಗೂ ಹೋದವು. ಈ ಸಾಧನೆಗೆ ನಮ್ಮ ಊರಿನ ಚರಿತ್ರೆಯಲ್ಲಿ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಲಾಂಗ್-ಈಜಿ ಮಾದರಿಯ ವಿಮಾನದಲ್ಲಿ ಎಂಜಿನ್ ಹಿಂದಿರುತ್ತದೆ. ಅದನ್ನು ಸರಿದೂಗಿಸಲು ಬ್ಯಾಟರಿಯನ್ನು ಮೂಗಿನೊಳಗೆ ಇಡುವುದು ವಾಡಿಕೆ. ಅಂದರೆ ಬ್ಯಾಟರಿಯ ತೂಕವೂ ವಿನ್ಯಾಸದ ಭಾಗ. ಗುರುತ್ವ ಕೇಂದ್ರಕ್ಕಿಂತ ಎರಡು ಮೀಟರ್ ಮುಂದಿರುವ ಏಳು ಕೆಜಿಯ ಬ್ಯಾಟರಿ ತೆಗೆದು ಎರಡು ಕೆಜಿಯದನ್ನು ಇಟ್ಟರೆ, 600 ಕೆಜಿ ವಿಮಾನದ ಗುರುತ್ವ ಕೇಂದ್ರ ಸುಮಾರು 17 ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಮಿತಿಯ ಹತ್ತಿರವೇ ಹಾರುವ ವಿಮಾನಕ್ಕೆ ಇದು ಅಪಾಯ. ಆಮೇಲೆ ಮೂಗಿನಲ್ಲಿ ಸೀಸದ ತುಂಡು ಇಟ್ಟು ಸರಿಮಾಡಬೇಕಾಗುತ್ತದೆ. ಐದು ಕೆಜಿ ಉಳಿಸಿದ ಸಾರ್ಥಕತೆ ಆಗ ಎಲ್ಲಿ ಉಳಿಯಿತು?

ತೊಂಬತ್ತರ ದಶಕದ ನಂತರ ಆಮ್ಲ ಚೆಲ್ಲದ, ನೀರು ಹಾಕಬೇಕಿಲ್ಲದ, ಎಜಿಎಂ ಎಂಬ ಸೀಸದ ಬ್ಯಾಟರಿಗಳು ಸ್ವಂತ ವಿಮಾನ ಕಟ್ಟುವವರ ಕೈಗೆ ಬಂದವು. ಏಳು ಕೆಜಿ ತೂಕದ, 16 ಆಂಪಿಯರ್-ಅವರ್ (ಎಎಚ್) ಸಾಮರ್ಥ್ಯದ ಒಡಿಸ್ಸಿ ಪಿಸಿ680 ಈ ವರ್ಗದಲ್ಲಿ ಮನೆಮಾತಾಯಿತು. ಅದಕ್ಕಿಂತ ದೊಡ್ಡದು ಅಮೆರಿಕದ ವಿಮಾನ-ವಿದ್ಯುತ್ ತಜ್ಞ ಬಾಬ್ ನಕಲ್ಸ್ ಕಲಿಸಿದ ಪಾಠ. ಬ್ಯಾಟರಿ ಕೊಳ್ಳುವ ಮೊದಲು ಆಲ್ಟರ್ನೇಟರ್ ಕೆಟ್ಟಾಗ ಯಾವ್ಯಾವ ಉಪಕರಣ ನಡೆಯಲೇಬೇಕು, ಅವು ಎಷ್ಟು ಆಂಪಿಯರ್ ಎಳೆಯುತ್ತವೆ, ಎಷ್ಟು ಹೊತ್ತು ಎಂದು ಕಾಗದದ ಮೇಲೆ ಬರೆಯಿರಿ. ಅವಶ್ಯವಾದವನ್ನಷ್ಟೇ ಪ್ರತ್ಯೇಕ ತಂತಿಯಲ್ಲಿ ಉಳಿಸಿಕೊಳ್ಳಿ. ಬ್ಯಾಟರಿಯ ಸಾಮರ್ಥ್ಯವನ್ನು ಕಾಲಕಾಲಕ್ಕೆ ಅಳೆದು, ಇಳಿದಾಗ ಬದಲಿಸಿ. ಈ ಕ್ಷೇತ್ರದಲ್ಲಿ ಬಂದ ಅತ್ಯಂತ ಮುಖ್ಯ ವಿಚಾರ ಇದೇ ಎಂದು ನಾನು ನಂಬಿದ್ದೇನೆ. ಯಾವ ಹೊಸ ರಸಾಯನವೂ ಇದನ್ನು ಹಳತಾಗಿಸಿಲ್ಲ.

ಹಳತಾಗಿಸುವುದಿರಲಿ, ಅದರ ಅಗತ್ಯ ಈಗ ಹೆಚ್ಚಿದೆ. ಹಗುರ ವಿಮಾನಗಳ ರೋಟ್ಯಾಕ್ಸ್ 912 ಎಂಜಿನ್ನಿನ ಕಾರ್ಬ್ಯುರೇಟರ್ ಮಾದರಿಯಲ್ಲಿ ಇಗ್ನಿಷನ್ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. 2012ರಲ್ಲಿ ಬಂದ 912 ಐಎಸ್ ಹಾಗಲ್ಲ. ಇಂಧನ ಚಿಮ್ಮಿಸುವುದಕ್ಕೂ ಕಿಡಿಗೂ ಅದಕ್ಕೆ ವಿದ್ಯುತ್ ಬೇಕು. 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಹಾರಿದ ಹಂಸ-ಎನ್‌ಜಿಯದೂ ಇದೇ ಕುಟುಂಬದ ಎಂಜಿನ್. ಅದರಲ್ಲಿರುವ ಎರಡು ಜನರೇಟರ್‌ಗಳಲ್ಲಿ ಎಂಜಿನ್ನಿನದು ಕೈಕೊಟ್ಟರೆ, ಬ್ಯಾಟರಿ ಚಾರ್ಜ್ ಮಾಡುವ ಇನ್ನೊಂದು ಜನರೇಟರ್ ಎಂಜಿನ್ನಿನ ಪಾಲಾಗುತ್ತದೆ. ಆಗ ರೇಡಿಯೊ, ಪರದೆ ಎಲ್ಲ ಬ್ಯಾಟರಿಯೊಂದರ ಮೇಲೆ ನಿಲ್ಲುತ್ತವೆ.

ಇನ್ನು ಲಿಥಿಯಂ. ಜಾನ್ ಗುಡ್‌ಎನಫ್ ಅವರ ಟೆಕ್ಸಾಸಿನ ಪ್ರಯೋಗಾಲಯದಿಂದ ತೊಂಬತ್ತರ ದಶಕದಲ್ಲಿ ಬಂದ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ, ನಾಲ್ಕು ಕೋಶ ಸೇರಿದರೆ 12.8 ವೋಲ್ಟ್ ಆಗುತ್ತದೆ. ವಿಮಾನದ 14 ವೋಲ್ಟಿನ ವ್ಯವಸ್ಥೆಗೆ ಅದು ಹೊಂದುತ್ತದೆ. ಅನೇಕ ಸ್ಕೂಟರ್‌ಗಳಲ್ಲಿರುವ ಎನ್‌ಎಂಸಿ ಕೋಶಗಳು ಹೊಂದುವುದಿಲ್ಲ. ಮೂರು ಇಟ್ಟರೆ ಪೂರ್ತಿ ತುಂಬಿದಾಗಲೂ 12.6 ವೋಲ್ಟ್, ನಾಲ್ಕಕ್ಕೆ 16.8. ಎಸ್.ಪಿ. ರೋಡಿನಿಂದ ಕೋಶ ತಂದು ಮನೆಯಲ್ಲೇ ವಿಮಾನದ ಪ್ಯಾಕ್ ಕಟ್ಟುವೆನೆನ್ನುವವರಿಗೆ ಇಷ್ಟೇ ಸಾಕು. 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನಗಳನ್ನು ನೆಲಕ್ಕಿಳಿಸಿದ್ದು ಲಿಥಿಯಂ ಕೋಬಾಲ್ಟ್ ಬ್ಯಾಟರಿಗಳು. ಎಲ್‌ಎಫ್‌ಪಿ ಅದಕ್ಕಿಂತ ಬಹಳ ಸೌಮ್ಯ, ನಿಜ. ಆದರೆ ಒಳಗಿನ ದ್ರಾವಣ ಉರಿಯುವಂಥದ್ದೇ, ಹೊಗೆ ಕಾಕ್‌ಪಿಟ್ಟಿಗೆ ಬಾರದಂತೆ ಹೊರಗೆ ದಾರಿ ಬೇಕೇಬೇಕು.

ಹೆಚ್ಚು ದಾರಿ ತಪ್ಪಿಸುವುದು ಲೇಬಲ್ಲು. ಕೆಲವು ಲಿಥಿಯಂ ಬ್ಯಾಟರಿಗಳ ಮೇಲೆ "ಸೀಸಕ್ಕೆ ಸಮಾನ" ಎಂದು ಎಎಚ್ ಮುದ್ರಿಸುತ್ತಾರೆ. ಅದು ಸೆಲ್ಫ್ ಹೊಡೆಯುವ ಶಕ್ತಿಯ ಹೋಲಿಕೆ, ಒಳಗಿರುವುದು ಅದರ ಮೂರನೇ ಒಂದು ಪಾಲು. ಸಮಾನ 18 ಎಂದಿದ್ದರೆ ನಿಜವಾದದ್ದು 6 ಎಎಚ್. ಇಂಜೆಕ್ಷನ್ ಪಂಪು, ಪರದೆ, ರೇಡಿಯೊ ಸೇರಿ 15 ಆಂಪಿಯರ್ ಎಳೆದರೆ 24 ನಿಮಿಷಕ್ಕೆ ಮುಗಿಯಿತು. ಜಕ್ಕೂರಿನಿಂದ ಮೈಸೂರಿಗೆ ಹೊರಟವನ ಚಾರ್ಜಿಂಗ್ ಚನ್ನಪಟ್ಟಣ ದಾಟಿದ ಮೇಲೆ ನಿಂತರೆ, ಹಿಂದಕ್ಕೆ ಬರುವುದೂ ಮುಂದಕ್ಕೆ ಹೋಗುವುದೂ ಅನುಮಾನ.

ಹಾಗೆಯೇ ಲೇಬಲ್ಲಿನ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್, ಅಂದರೆ ಚಳಿಯಲ್ಲಿ ಸೆಲ್ಫ್ ಹೊಡೆಯುವ ಶಕ್ತಿ. ಅದನ್ನು ಅಳೆಯುವುದು ಮೈನಸ್ 18 ಡಿಗ್ರಿಯಲ್ಲಿ. ಬೆಂಗಳೂರಿನ ದಾಖಲೆಯ ಚಳಿ 1884ರ 7.8 ಡಿಗ್ರಿ. ನಮಗೆ ನೋಡಬೇಕಾದದ್ದು ಶಾಖ. ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಲಿಥಿಯಂಗೂ ಎಂಜಿನ್ನಿನ ಕಾವು ಹಿತವಲ್ಲ.

ಇನ್ನೊಂದು ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರಿದರೆ ಸೀಸದ ಬ್ಯಾಟರಿ ಕುದಿಯುತ್ತ, ಸಾಯುತ್ತ, ಸ್ವಲ್ಪ ಹೊತ್ತು ಹೊರೆ ತಡೆಯುತ್ತದೆ. ಲಿಥಿಯಂ ಒಳಗಿನ ರಕ್ಷಣಾ ಮಂಡಲ ತಟ್ಟನೆ ಸಂಪರ್ಕ ಕಡಿಯುತ್ತದೆ, ಏರಿದ ವೋಲ್ಟೇಜು ನೇರ ಉಪಕರಣಗಳಿಗೆ ಹೋಗುತ್ತದೆ. ಆದ್ದರಿಂದ ಲಿಥಿಯಂ ಜೊತೆ ಅಧಿಕ ವೋಲ್ಟೇಜ್ ರಕ್ಷಣೆ ಕಡ್ಡಾಯವೆಂದು ತಿಳಿಯಬೇಕು. ಬ್ಯಾಟರಿ ಕಳಚಿದಾಗ ರೆಗ್ಯುಲೇಟರ್ ಕೆಲಸ ಮಾಡಲೆಂದು ರೋಟ್ಯಾಕ್ಸ್ ಹೇಳುವ 22,000 ಮೈಕ್ರೊಫ್ಯಾರಡ್ ಕೆಪಾಸಿಟರನ್ನೂ ಬಿಡಬಾರದು.

ಮೊದಲ ವಿಮಾನ ಕಟ್ಟುವವರಿಗೆ ನನ್ನ ಸಲಹೆ ಎಜಿಎಂ. ಲಿಥಿಯಂ ಬೇಕೆಂದರೆ ವಿಮಾನಕ್ಕೆಂದೇ ಮಾಡಿದ ಎಲ್‌ಎಫ್‌ಪಿ, ಗುರುತ್ವ ಕೇಂದ್ರದ ಲೆಕ್ಕ ಮಾಡಿದ ಮೇಲೆ. ದಕ್ಷಿಣ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ: ವಿಮಾನದ ರೆಕ್ಕೆ, ಎಂಜಿನ್ ಕಲಿಸುವ ಜೊತೆಗೆ ಒಂದು ವಿದ್ಯುತ್ ಹೊರೆಯ ಪಟ್ಟಿಯನ್ನೂ ಬರೆಸಿ. ಬ್ಯಾಟರಿಯನ್ನು ನಿಗದಿತ ಹೊರೆಯಲ್ಲಿ ಬರಿದುಮಾಡಿ, ಅದು ಎಷ್ಟು ನಿಮಿಷ ನಿಂತಿತೆಂದು ವಿದ್ಯಾರ್ಥಿಗಳಿಂದಲೇ ಲಾಗ್‌ಬುಕ್ಕಿನಲ್ಲಿ ಬರೆಸಿ.