ಆಟದ ಮೈದಾನದ ಇಂಗ್ಲಿಷ್: ಕನ್ನಡದ ಒಂದು ಪದ, ಅಲ್ಲಿ ಎರಡು ಮೂರು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಬೇಸಿಗೆ ಶಿಬಿರಗಳಿಗೆ ಸೇರುವ ಮಕ್ಕಳಿಗೆ ಬ್ಯಾಟು, ನೆಟ್ಟು, ಗೋಲು, ಔಟು ಎಂಬ ಪದಗಳನ್ನು ಯಾರೂ ಕಲಿಸಬೇಕಾಗಿಲ್ಲ. ಅವು ಕನ್ನಡವೇ ಆಗಿಹೋಗಿವೆ. ಕನ್ನಡಿಗರಿಗೆ ತೊಡಕಾಗುವುದು ಆಟದ ಸಲಕರಣೆಗಳ ಹೆಸರುಗಳಲ್ಲಿ ಅಲ್ಲ. ದೇಹದ ಭಾಗ, ನೋವು ಮತ್ತು ಚಲನೆಯನ್ನು ಸೂಚಿಸುವ ಇಂಗ್ಲಿಷ್ ಪದಗಳಲ್ಲಿ. ಕನ್ನಡ ಒಂದೇ ಪದದಲ್ಲಿ ಹೇಳುವುದನ್ನು ಇಂಗ್ಲಿಷ್ ಎರಡು ಮೂರಾಗಿ ಒಡೆಯುತ್ತದೆ. ಆ ವ್ಯತ್ಯಾಸದ ಮೇಲೆಯೇ ಕೆಲವೊಮ್ಮೆ ತೀರ್ಪುಗಾರನ ನಿರ್ಣಯವೂ ವೈದ್ಯರ ಚಿಕಿತ್ಸೆಯೂ ನಿಂತಿರುತ್ತವೆ.

ಮೊದಲಿಗೆ 'ಕಾಲು' ಎಂಬ ಪದವನ್ನೇ ತೆಗೆದುಕೊಳ್ಳೋಣ. ತೊಡೆಯಿಂದ ಹೆಬ್ಬೆರಳಿನವರೆಗೆ ಎಲ್ಲವೂ ನಮಗೆ ಕಾಲೇ. ಇಂಗ್ಲಿಷಿನಲ್ಲಿ ಕಣಕಾಲಿನ ಮೇಲ್ಭಾಗ 'ಲೆಗ್', ಕೆಳಗಿನ ಪಾದ 'ಫುಟ್'. ಪಾದದಲ್ಲಿ ಪೆಟ್ಟಾದ ಹುಡುಗ 'ಲೆಗ್ ಪೇನ್' ಎಂದರೆ ಕನ್ನಡ ಬಾರದ ತರಬೇತುದಾರ ಮೀನಖಂಡವನ್ನೋ ತೊಡೆಯನ್ನೋ ಮುಟ್ಟಿ ನೋಡುತ್ತಾನೆ. 'ಕೈ'ಯ ಕಥೆಯೂ ಇದೇ: ಮುಂಗೈ 'ಹ್ಯಾಂಡ್', ತೋಳು 'ಆರ್ಮ್'. ಆದರೆ ಫುಟ್‌ಬಾಲ್‌ನ 'ಹ್ಯಾಂಡ್‌ಬಾಲ್' ತಪ್ಪಿನ ವಿಷಯದಲ್ಲಿ ಕನ್ನಡವೇ ಹೆಚ್ಚು ಸರಿ. ನಿಯಮದ ಪ್ರಕಾರ ಕಂಕುಳ ಕೆಳಗಿನ ಮಟ್ಟದವರೆಗೆ ಇಡೀ ತೋಳು ಈ ತಪ್ಪಿನ ವ್ಯಾಪ್ತಿಗೆ ಬರುತ್ತದೆ. ಹೆಸರು ಮಾತ್ರ ಮುಂಗೈಯದು.

ನೋವಿನ ಪದಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಪತ್ರಿಕೆಗಳು 'ಸ್ನಾಯು ಸೆಳೆತ' ಎಂದು ಬರೆಯುವಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿರುತ್ತವೆ. ಒಂದು 'ಕ್ರಾಂಪ್', ಅಂದರೆ ಸ್ನಾಯು ತಾನಾಗಿ ಬಿಗಿದುಕೊಳ್ಳುವುದು. ಮೀನಖಂಡ ಹಿಡಿಯಿತು ಎಂದು ಮನೆಯಲ್ಲಿ ಹೇಳುವುದು ಇದನ್ನೇ. ಎಳೆದು ನೀವಿದರೆ ಸಾಮಾನ್ಯವಾಗಿ ನಿಮಿಷಗಳಲ್ಲಿ ಇಳಿಯುತ್ತದೆ. ಇನ್ನೊಂದು 'ಸ್ಟ್ರೇನ್', ಅಂದರೆ ಸ್ನಾಯುವಿನ ಎಳೆಗಳೇ ಹಿಗ್ಗಿ ಹರಿಯುವುದು. ಇದಕ್ಕೆ ವಾರಗಳ ವಿಶ್ರಾಂತಿ ಬೇಕಾಗಬಹುದು. ಎರಡನೆಯದನ್ನು ಮೊದಲನೆಯದೆಂದು ಭಾವಿಸಿ ಮಗುವನ್ನು ಮತ್ತೆ ಓಡಲು ಬಿಟ್ಟರೆ ಗಾಯ ದೊಡ್ಡದಾಗುತ್ತದೆ. 'ಸ್ಪ್ರೇನ್' ಇವೆರಡೂ ಅಲ್ಲ. ಅದು ಮೂಳೆಗಳನ್ನು ಕೀಲಿನಲ್ಲಿ ಕಟ್ಟಿಹಿಡಿಯುವ ತಂತುವಿನ ಗಾಯ, ನಮ್ಮ 'ಉಳುಕು'. ಸ್ಪ್ರೇನ್ ಮತ್ತು ಸ್ಟ್ರೇನ್ ನಡುವೆ ಉಚ್ಚಾರದಲ್ಲಿ ಇರುವ ಅಂತರ ಒಂದೇ ಅಕ್ಷರದ್ದು, ಇಂಗ್ಲಿಷರೂ ತಡವರಿಸುತ್ತಾರೆ. 'ಜೋಮು' ಎಂಬುದಕ್ಕೆ ಮಾತ್ರ ಇಂಗ್ಲಿಷರು ಸೂಜಿ-ಪಿನ್ನುಗಳನ್ನು ನೆನೆಯುವ ಮೂರು ಪದಗಳ ನುಡಿಗಟ್ಟನ್ನು ಬಳಸಬೇಕು.

ಕೆಂಗೇರಿಗೆ ಸಮೀಪದ ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. 2020ರ ಲಾಕ್‌ಡೌನ್ ಸಮಯದಲ್ಲಿ ರಾಷ್ಟ್ರೀಯ ಹಾಕಿಯ ಪುರುಷ ಹಾಗೂ ಮಹಿಳಾ ತಂಡಗಳು ಉಳಿದದ್ದು ಇಲ್ಲಿಯೇ. ಮರುವರ್ಷ ಟೋಕಿಯೊದಲ್ಲಿ ಪುರುಷರು 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ಗೆದ್ದರು. ಮಹಿಳೆಯರು ನಾಲ್ಕನೆಯ ಸ್ಥಾನ ಪಡೆದರು. ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿದ ಏಕೈಕ ಗೋಲು ಪೆನಾಲ್ಟಿ ಕಾರ್ನರ್‌ನಲ್ಲಿ ಗುರ್ಜಿತ್ ಕೌರ್ ಗಳಿಸಿದ್ದು. ಇಂಥ ಗೋಲನ್ನು ಕನ್ನಡದಲ್ಲಿ 'ಅಮೋಘ ಹೊಡೆತ' ಎಂದು ಬಣ್ಣಿಸುವುದು ವಾಡಿಕೆ. ಹಾಕಿಯ ನಿಯಮಕ್ಕೆ ಅಷ್ಟು ಸಾಲದು. ಕೋಲನ್ನು ಬೀಸಿ ಹೊಡೆದರೆ 'ಹಿಟ್'. ಚೆಂಡಿಗೆ ಕೋಲನ್ನು ತಾಗಿಸಿ ನೆಲದ ಮೇಲೆಯೇ ತಳ್ಳಿದರೆ 'ಪುಶ್'. ಹಾಗೆ ತಳ್ಳುತ್ತಲೇ ಮೇಲಕ್ಕೆತ್ತಿದರೆ 'ಫ್ಲಿಕ್'. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನತ್ತ ಮೊದಲ ಪ್ರಯತ್ನ ಹಿಟ್ ಆಗಿದ್ದರೆ ಚೆಂಡು 460 ಮಿಲಿಮೀಟರ್‌ಗಿಂತ ಎತ್ತರದಲ್ಲಿ ಗೋಲು ಗೆರೆ ದಾಟುವಂತಿಲ್ಲ. ಫ್ಲಿಕ್‌ಗೆ ಈ ಮಿತಿ ಇಲ್ಲ. ಡ್ರ್ಯಾಗ್ ಫ್ಲಿಕ್ ಪರಿಣತರಿಗೆ ಇಷ್ಟು ಬೆಲೆ ಬಂದಿರುವುದು ಈ ಕಾರಣದಿಂದಲೇ.

ಕ್ರಿಕೆಟ್‌ನಲ್ಲಿ ಇದೇ ಗೊಂದಲ ಇನ್ನಷ್ಟು ಸ್ವಾರಸ್ಯಕರ. ವಿಕೆಟ್‌ಗೆ 'ಹುದ್ದರಿ', ಬ್ಯಾಟ್ಸ್‌ಮನ್‌ಗೆ 'ದಾಂಡಿಗ' ಎಂಬ ಸೊಗಸಾದ ಪದಗಳನ್ನು ಪತ್ರಿಕೆಗಳು ಬಳಕೆಗೆ ತಂದವು. 'ಎಸೆತಗಾರ' ಕೂಡ ಅದೇ ಸಾಲಿನದು. ಆದರೆ ಇಂಗ್ಲಿಷಿನಲ್ಲಿ 'ಬೌಲ್' ಮತ್ತು 'ಥ್ರೋ' ವಿರುದ್ಧ ಪದಗಳೆಂದರೂ ಸರಿ. ತೋಳನ್ನು ಮಡಿಸಿ ಬಿಡುಗಡೆಯ ಹೊತ್ತಿಗೆ ನೆಟ್ಟಗೆ ಮಾಡಿದರೆ ಅದು ಥ್ರೋ, ಆಗ ನೋಬಾಲ್. ಮೊಣಕೈ 15 ಡಿಗ್ರಿಯವರೆಗೆ ನೆಟ್ಟಗಾಗಬಹುದೆಂದು 2005ರಿಂದ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ರಿಯಾಯಿತಿ ಇದೆ. ಕನ್ನಡದಲ್ಲಿ ಎರಡೂ 'ಎಸೆತ'ವಾದ್ದರಿಂದ ಶಂಕಾಸ್ಪದ ಬೌಲಿಂಗ್ ಕುರಿತ ವರದಿಗಳು ಓದುಗರಿಗೆ ಒಗಟಾಗಿ ಕಾಣುತ್ತವೆ. 'ಒಗೆ' ಎಂದರೆ ಎಸೆ ಎನ್ನುವ ಧಾರವಾಡದವರೂ ಬಟ್ಟೆ ತೊಳೆ ಎನ್ನುವ ಬೆಂಗಳೂರಿನವರೂ ಒಂದೇ ತಂಡದಲ್ಲಿದ್ದರೆ ಗೊಂದಲಕ್ಕೆ ಇಂಗ್ಲಿಷೇ ಬೇಕಿಲ್ಲ.

'ಟೈ' ಮತ್ತು 'ಡ್ರಾ' ಎರಡನ್ನೂ 'ಸಮ' ಎನ್ನುವ ರೂಢಿಯೂ ಉಂಟು. ಟೆಸ್ಟ್ ಪಂದ್ಯದಲ್ಲಿ ಸಮಯ ಮುಗಿದು ಫಲಿತಾಂಶ ಬಾರದಿದ್ದರೆ ಡ್ರಾ. ಆಟ ಪೂರ್ಣಗೊಂಡು ಒಟ್ಟು ಓಟಗಳು ಸಮನಾದರೆ ಟೈ. ಟೆಸ್ಟ್ ಇತಿಹಾಸದಲ್ಲಿ ಟೈ ಆದದ್ದು ಎರಡೇ ಬಾರಿ: 1960ರಲ್ಲಿ ಬ್ರಿಸ್ಬೇನ್, 1986ರಲ್ಲಿ ಅಂದಿನ ಮದ್ರಾಸ್.

ಇಂಗ್ಲಿಷಿನಲ್ಲಿ ಮಾತನಾಡುವಾಗ ಕ್ರಿಯಾಪದವೂ ಕೈಕೊಡುತ್ತದೆ. ನಾವು ವಾಕಿಂಗ್ 'ಮಾಡುತ್ತೇವೆ', ಜಾಗಿಂಗ್ 'ಮಾಡುತ್ತೇವೆ'. ಹೀಗಾಗಿ ಇಂಗ್ಲಿಷಿನಲ್ಲೂ 'ಡೂಯಿಂಗ್ ಜಾಗಿಂಗ್' ಎಂದುಬಿಡುತ್ತೇವೆ. ಅಲ್ಲಿನ ಪದ್ಧತಿ ಬೇರೆ. ಚೆಂಡಾಟಗಳಿಗೆ, ಎದುರಾಳಿ ಇರುವ ಬಹುತೇಕ ಆಟಗಳಿಗೆ 'ಪ್ಲೇ'. ಸ್ವಿಮಿಂಗ್, ಜಾಗಿಂಗ್, ಸೈಕ್ಲಿಂಗ್‌ನಂಥವುಗಳಿಗೆ 'ಗೋ'. ಯೋಗ, ಕರಾಟೆ, ಜಿಮ್ನಾಸ್ಟಿಕ್ಸ್‌ಗೆ 'ಡೂ'. ಹಾಗೆಯೇ 'ವಿನ್' ಆಗುವುದು ಪಂದ್ಯ ಅಥವಾ ಬಹುಮಾನ, 'ಬೀಟ್' ಆಗುವುದು ಎದುರಾಳಿ. ತಂಡವನ್ನು ವಿನ್ ಮಾಡಿದೆವು ಎಂಬ ಪ್ರಯೋಗ ಸಲ್ಲದು.

ಅಥ್ಲೆಟಿಕ್ಸ್‌ನಲ್ಲಿ ಕನ್ನಡ ಬಹುಮಟ್ಟಿಗೆ ಸ್ವಾವಲಂಬಿ. ಉದ್ದ ಜಿಗಿತ, ಗುಂಡು ಎಸೆತ, ಅಡೆತಡೆ ಓಟ ಇವೆಲ್ಲ ಶಾಲಾ ಕ್ರೀಡಾಕೂಟಗಳಲ್ಲಿ ಬೇರೂರಿವೆ. ತ್ರಿವಿಧ ಜಿಗಿತದ ಮೂರು ಹಂತಗಳಾದ ಹಾಪ್, ಸ್ಟೆಪ್, ಜಂಪ್ ಮಾತ್ರ ಮಕ್ಕಳನ್ನು ತಬ್ಬಿಬ್ಬುಗೊಳಿಸುತ್ತವೆ. ಚಿಮ್ಮಿದ ಕಾಲಿನ ಮೇಲೆಯೇ ಇಳಿದರೆ ಹಾಪ್, ಇನ್ನೊಂದು ಕಾಲಿನ ಮೇಲೆ ಇಳಿದರೆ ಸ್ಟೆಪ್. ನಿಘಂಟಿನಲ್ಲಿ ಹಾಪ್‌ಗೆ 'ಕುಂಟು' ಎಂದಿದ್ದರೂ ಆ ಪದ ಕಾಲು ನೋವಿನ ನಡಿಗೆಯನ್ನೂ ಸೂಚಿಸುತ್ತದೆ. ಕುಂಟೆಬಿಲ್ಲೆ ಆಡಿದ ಹುಡುಗಿಗೆ ಒಂದು ಮನೆಯಿಂದ ಇನ್ನೊಂದಕ್ಕೆ ಹಾರುವ ಹಾಗೆ ಎಂದರೆ ಮೊದಲ ಹಂತ ಅಲ್ಲಿಯೇ ಅರ್ಥವಾಗುತ್ತದೆ.