ಹೊನ್ನಿನ ಪತ್ರ ಮತ್ತು ಅದನ್ನು ಓದಬಲ್ಲವರು

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡ ಸಂಶೋಧಕರಿಗೆ ಪಾರಸಿ ದಾಖಲೆಯೆಂದೊಡನೆ ವಿಜಯಪುರದ ಫರ್ಮಾನು ನೆನಪಾಗುವುದು ಸಹಜ. 1636ರ ಒಪ್ಪಂದದಿಂದ ಆದಿಲಶಾಹಿಗಳ ಪಾಲಿಗೆ ಬಂದ ಕಲ್ಯಾಣ, 1657ರಲ್ಲಿ ಶಿವಾಜಿಯ ವಶವಾಗುವವರೆಗೆ ವಿಜಯಪುರಕ್ಕೇ ಸೇರಿತ್ತು. (ಇದು ಬಸವಣ್ಣನವರ ಕಲ್ಯಾಣವಲ್ಲವೆಂಬುದನ್ನು ಹೊಸಬರಿಗೆ ಪ್ರತಿ ಸಲವೂ ಹೇಳಬೇಕಾಗುತ್ತದೆ.) ಆದರೆ ಫರ್ಮಾನು ಅರಸನು ತನ್ನ ಅಧೀನರಿಗೆ ಕೊಡುವ ಆಜ್ಞೆ, ನಮ್ಮ 'ನಿರೂಪ'ಕ್ಕೆ ಸಮೀಪವಾದುದು. ಅರಸನು ಅರಸನಿಗೆ ಕಳುಹುತ್ತಿದ್ದ ಪತ್ರದ ಜಾತಿ ಬೇರೆ. ಹೊನ್ನಿನ ಪುಡಿ ಸಿಂಪಡಿಸಿದ ಕಾಗದ, ಚಿತ್ತಾರದ ಶಿರೋಭಾಗ, ಜರತಾರಿಯ ಚೀಲ ಇವುಗಳಿಂದಾಗಿ ಅಂಥ ಪತ್ರವು ಉಡುಗೊರೆಯೊಡನೆ ಬರುವ ಒಕ್ಕಣೆಯಾಗಿರದೆ ತಾನೇ ಉಡುಗೊರೆಯಾಗಿರುತ್ತಿತ್ತು. ಮುದ್ರೆಯನ್ನು ಎಲ್ಲಿ ಒತ್ತಿದೆ ಎಂಬುದರಿಂದಲೇ ಬರೆದವನ, ಪಡೆದವನ ಅಂತಸ್ತು ತಿಳಿಯುತ್ತಿತ್ತು.

ಅಂಥ ರಾಜಪತ್ರವೊಂದು ಕನ್ನಡನಾಡಿನ ಆಸ್ಥಾನಕ್ಕೆ ಬಂದ ಪ್ರಸಂಗವನ್ನು ಅದನ್ನು ತಂದಾತನೇ ಬರೆದಿಟ್ಟಿದ್ದಾನೆ. ತೈಮೂರನ ಮಗನಾದ ಹೆರಾತಿನ ಶಾರುಖನ ರಾಯಭಾರಿ ಅಬ್ದುರ್ ರಜಾಕನು 1442ರ ಕೊನೆಯಲ್ಲಿ ಕಲ್ಲಿಕೋಟೆಗೆ ಬಂದಿಳಿದನು. ಅಲ್ಲಿಂದ ಅವನನ್ನು ಇಮ್ಮಡಿ ದೇವರಾಯನು ಕರೆಸಿಕೊಂಡನು. 1443ರಲ್ಲಿ ವಿಜಯನಗರದ ಕಂಬಗಳ ಸಭಾಮಂಟಪದಲ್ಲಿ ಐದು ಕುದುರೆಗಳನ್ನೂ ಎರಡು ತಟ್ಟೆಗಳಲ್ಲಿ ಒಂಬತ್ತೊಂಬತ್ತು ಪಟ್ಟೆವಸ್ತ್ರಗಳನ್ನೂ ಒಪ್ಪಿಸಿ, ಪತ್ರವನ್ನು ಅರಸನ ಕೈಗಿತ್ತನು. ದೊಡ್ಡ ದೊರೆಯೊಬ್ಬನು ತನ್ನಲ್ಲಿಗೆ ರಾಯಭಾರಿಯನ್ನು ಕಳುಹಿದ್ದಕ್ಕೆ ಸಂತೋಷ ಸೂಚಿಸಿದ ದೇವರಾಯನು ಅದನ್ನು ದುಭಾಷಿಗೆ ಕೊಟ್ಟನು. ಅಕ್ಕಿ, ಬೆಣ್ಣೆ, ಸಕ್ಕರೆಗಳೊಡನೆ ದಿನಕ್ಕೆ ಎರಡು ವರಹ ಹೊನ್ನು ಗೊತ್ತಾಯಿತು.

ಮುಂದಿನದು ವಿಚಿತ್ರ. ಈತನು ಶಾರುಖನ ರಾಯಭಾರಿಯೇ ಅಲ್ಲವೆಂದು ಹೊರ್ಮುಜಿನ ವರ್ತಕರು ಸುದ್ದಿ ಹಬ್ಬಿಸಿದರು. ದಂಡನಾಯಕನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಹೋಗಿದ್ದಾಗ ದಿನಪಡಿ ನಿಂತುಹೋಯಿತು. ಅವನು ಮರಳಿದ ಮೇಲೆ ಏಳು ಸಾವಿರ ವರಹ ಕೊಡಿಸಿದನು. ಆದರೆ ಬೀಳ್ಕೊಡುವಾಗಲೂ ಅರಸನು, ನೀನು ನಿಜವಾದ ರಾಯಭಾರಿಯಲ್ಲವೆನ್ನುತ್ತಾರೆ, ಇಲ್ಲದಿದ್ದರೆ ಇನ್ನೂ ಹೆಚ್ಚು ಮನ್ನಣೆ ಸಲ್ಲುತ್ತಿತ್ತು ಎಂಬರ್ಥದ ಮಾತನ್ನಾಡಿದನಂತೆ.

ಇದನ್ನು ವರ್ತಕರ ಹೊಟ್ಟೆಕಿಚ್ಚೆಂದು ಅಬ್ದುರ್ ರಜಾಕನು ತಳ್ಳಿಹಾಕುತ್ತಾನೆ. ಅಷ್ಟೇ ಎಂದು ನಾವು ಒಪ್ಪಲಾರೆವು. ಈ ರಾಯಭಾರ ಮೊದಲು ಹೊರಟದ್ದೇ ಕಲ್ಲಿಕೋಟೆಗೆ, ಸಂಶಯಕ್ಕೆ ಎಡೆಯಿತ್ತು. ಪತ್ರದ ಭಾಷೆಯನ್ನು ದುಭಾಷಿ ತಿಳಿಸಬಲ್ಲನು. ಅದರ ಹೊನ್ನು, ಮುದ್ರೆ, ಮರ್ಯಾದೆಗಳು ಹೆರಾತಿನ ಕಚೇರಿಯವೇ ಅಲ್ಲವೇ ಎಂದು ಹೇಳಬಲ್ಲವರು ಆ ಲೋಕದಲ್ಲಿ ಓಡಾಡಿದವರು ಮಾತ್ರ. ವಿಜಯನಗರಕ್ಕೆ ಅಂಥವರೆಂದರೆ, ಬಹುಮಟ್ಟಿಗೆ, ಕುದುರೆಗಳನ್ನು ತರುತ್ತಿದ್ದ ಆ ಹೊರ್ಮುಜಿನವರೇ. ಮಹಮೂದ ಗವಾನನು ಇದೇ ಶತಮಾನದಲ್ಲಿ ಬೀದರದಲ್ಲಿದ್ದು ಪತ್ರಲೇಖನ ಕಲೆಯನ್ನು ಕುರಿತು 'ಮನಾಜಿರ್-ಉಲ್-ಇನ್ಶಾ' ಎಂಬ ಗ್ರಂಥವನ್ನೇ ಬರೆದನು. ಆ ಬಗೆಯ ಪರಿಣತಿ ತುಂಗಭದ್ರೆಯ ದಡದಲ್ಲಿ ಹೊರಗಿನವರ ಬಾಯಿಂದ ಬರಬೇಕಿತ್ತು.

ದೇವರಾಯನು ಇದನ್ನು ಅರಿಯದವನಲ್ಲ. 1443ರ ಕೊನೆಗೆ ಅಬ್ದುರ್ ರಜಾಕನೊಡನೆ ಉಡುಗೊರೆಗಳನ್ನು ಕೊಟ್ಟು ಶಾರುಖನಲ್ಲಿಗೆ ತನ್ನ ರಾಯಭಾರಿಗಳನ್ನು ಕಳುಹಿದಾಗ ಅವನು ಆರಿಸಿದ್ದು ಖ್ವಾಜಾ ಮಸೂದ್, ಖ್ವಾಜಾ ಮುಹಮ್ಮದ್ ಎಂಬಿಬ್ಬರನ್ನು. ಇಬ್ಬರೂ ಖುರಾಸಾನದವರು.